‘ಆಯ್ತು’ ಅಂದ ಮೇಲೆ

“ಅಜ್ಜೀ, ಸ್ವಲ್ಪ ನಗು! ಪ್ಲೀಸ್!”

ಹಾಲಮ್ಮಜ್ಜಿ ನಗಲಿಲ್ಲ. ಭದ್ರಾವತಿಯ ತಮ್ಮ ಮನೆಯ ನಡುಮನೆಯಲ್ಲಿ, ಎರಡೂ ಕೈ ಮಂಡಿ ಮೇಲಿಟ್ಟು, ಉಸಿರು ಬಿಗಿಹಿಡಿದು ಕೂತಿದ್ದರು. ಮೊಮ್ಮಗಳು ಕವನ ಅಮ್ಮನ ಮೊಬೈಲಿನಲ್ಲಿ ಪಟಪಟ ಫೋಟೊ ಹೊಡೆದದ್ದೇ ಹೊಡೆದದ್ದು. ಎಲ್ಲದರಲ್ಲೂ ಅಜ್ಜಿ, ಪೊಲೀಸರು ಹಿಡಿದು ಕೂರಿಸಿದ ಹಾಗೆ ಕಾಣುತ್ತಿದ್ದರು.

ನಾಳೆ ಶಿವಮೊಗ್ಗದಲ್ಲಿ, ಕವನಳ ಕ್ಲಾಸಿನ ಗೋಡೆ ಮೇಲೆ ಎಲ್ಲರ ಅಜ್ಜ ಅಜ್ಜಿಯರ ನಗುವ ಫೋಟೊ ಅಂಟಿಸುತ್ತಾರೆ. ತನ್ನಜ್ಜಿ ಮಾತ್ರ ಹೀಗಿದ್ದರೆ? ಕವನಳಿಗೆ ಅಳುವೇ ಬಂತು.

ಮೊಬೈಲಿನಲ್ಲಿ ಒಂದು ಆ್ಯಪ್ ಇತ್ತು. ಎಂಥ ಸಿಡುಕು ಮೋರೆಯನ್ನೂ ಅದು ನಗಿಸುತ್ತದೆ. ಕವನ ಒತ್ತಿದಳು. ಫೋಟೊದಲ್ಲಿ ಅಜ್ಜಿ ನಕ್ಕೇಬಿಟ್ಟರು! ಸಾಲಾಗಿ ಬೆಳ್ಳನೆ ಹಲ್ಲು. ಕೆನ್ನೆಯಲ್ಲಿ ಒಂದೂ ಸುಕ್ಕಿಲ್ಲ.

“ನೋಡಜ್ಜಿ, ಸೂಪರ್ ಅಲ್ವಾ?”

ಅಜ್ಜಿ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. “ಚೆನ್ನಾಗಿದಾಳೆ. ಯಾರೇ ಇವಳು?”

“ನೀನೇ!”

“ನಾನಾ? ನಂಗೆ ಮುಂದಿನ ಹಲ್ಲು ಎಲ್ಲೈತೆ ಮಾರಾಯ್ತಿ?” ಅಂದ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕವನಳಿಗೆ ಕಸಿವಿಸಿಯಾಯಿತು. ಅಜ್ಜಿಯ ಮುಖ ಚೆನ್ನಾಗಿಲ್ಲ ಅಂತ ತಾನೇ ಹೇಳಿದ ಹಾಗಾಯಿತಲ್ಲ! ಆ ಫೋಟೊ ಡಿಲೀಟ್ ಮಾಡಿದಳು.

“ಫೋಟೊದಲ್ಲಿ ನೀನ್ಯಾಕೆ ನಗಲ್ಲ ಅಜ್ಜಿ?”

ಅಜ್ಜಿ ಗೋಡೆಯ ಮೇಲಿನ ಕಪ್ಪುಬಿಳುಪು ಫೋಟೊ ತೋರಿಸಿದರು. ಮದುವೆಯಾದ ಹೊಸದರಲ್ಲಿ ತೆಗೆಸಿದ್ದು. ಅಜ್ಜಿ, ಪಕ್ಕದಲ್ಲಿ ಈಗಿಲ್ಲದ ಪುಟ್ಟಯ್ಯಜ್ಜ. ಇಬ್ಬರೂ ಕಂಬದ ಹಾಗೆ ನಿಂತಿದ್ದರು.

“ಸ್ಟುಡಿಯೋದವ್ರು ಅಲ್ಲಾಡಬೇಡಿ ಅಂತಿದ್ರು. ಅಲ್ಲಾಡಿದ್ರೆ ಫಿಲಂ ದಂಡ. ಅವ್ರು ‘ಆಯ್ತು’ ಅನ್ನೋವರ್ಗೂ ನಾವು ಉಸ್ರು ಬಿಡ್ಲಿಲ್ಲ. ಅಂದಿದ್ದೇ ತಡ, ನಿಮ್ಮಜ್ಜ ನಕ್ಕಿದ್ದೇ ನಕ್ಕಿದ್ದು! ನಂಗೂ ತಡ್ಕೊಳ್ಳಕ್ಕೆ ಆಗ್ಲಿಲ್ಲ.”

“ಆ ನಗು ಫೋಟೊದಲ್ಲಿ ಇಲ್ವಲ್ಲ?”

“ಅದನ್ನ ಯಾರು ತೆಗೀತಾರೆ? ಆಯ್ತು ಅಂದ್ಮೇಲೆ ಮುಗೀತು.”

ಕವನ ಗೋಡೆಯ ಫೋಟೊ ಇನ್ನೊಮ್ಮೆ ನೋಡಿದಳು. ಮತ್ತೆ ಮೊಬೈಲ್ ಎತ್ತಿದಳು. ಅಜ್ಜಿ ಮತ್ತೆ ಬಿಗಿದುಕೊಂಡರು. ಈ ಸಲ ಅವಳು ಪಟಪಟ ಒತ್ತಲಿಲ್ಲ. ಸ್ಟುಡಿಯೋದವರ ಗತ್ತಿನಲ್ಲಿ, “ಹಾಂ, ಅಲ್ಲಾಡ್ಬೇಡಿ... ಆಯ್ತು!” ಅಂದಳು.

ಅಜ್ಜಿ ಉಸ್ಸೆಂದು ಉಸಿರು ಬಿಟ್ಟರು. ಹೆಗಲು ಸಡಿಲವಾಯಿತು. ಗೋಡೆಯ ಮೇಲಿನ ಅಜ್ಜನ ಕಡೆ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕರು.

ಕವನ ಆಗ ಒತ್ತಿದಳು. ಒಂದೇ ಸಲ.

“ಏ ಕಳ್ಳಿ! ಹಲ್ಲಿಲ್ದಿರೋದು ಕಾಣುತ್ತಲ್ಲೇ!” ಅಂದರು ಅಜ್ಜಿ, ಫೋಟೊ ನೋಡಿ.

“ಸ್ಕೂಲಿಗೆ ತಗೊಂಡು ಹೋಗ್ಲಾ? ಬೇಡಾ ಅಂದ್ರೆ ಬಿಡ್ತೀನಿ.”

ಅಜ್ಜಿ ಇನ್ನೊಮ್ಮೆ ನೋಡಿದರು. ಈ ಸಲ ಸೆರಗು ಬಾಯಿಗೆ ಹೋಗಲಿಲ್ಲ. “ತಗೊಂಡು ಹೋಗು. ಇದು ನಾನೇ.”

ಅವರ ನಗು ಇನ್ನೂ ನಿಂತಿರಲಿಲ್ಲ. ಕವನ ಮೊಬೈಲ್ ಪಕ್ಕಕ್ಕಿಟ್ಟು ನೋಡುತ್ತ ಕೂತಳು.