ಸುಂದ್ರವ್ವನ ಹೆಸರಿನ ಒಪ್ಪಿಗೆ

ಹನ್ನೆರಡು ಕಂಪ್ಯೂಟರು. ಹನ್ನೆರಡರ ಪರದೆಯೂ ಕಪ್ಪು!

ಘಾಟ್ಕೋಪರ್‌ನ ಚಾಳಿನ ವಾಚನಾಲಯದ ಬಾಗಿಲಲ್ಲೇ ದಾನೇಶ್ವರಿ ನಿಂತುಬಿಟ್ಟಳು. ಪತ್ರಿಕೆಯಲ್ಲಿ ಕರಡು ತಿದ್ದುವವಳು. ತಪ್ಪು ಕಂಡರೆ ಕೈ ತುರಿಸುತ್ತದೆ.

"ನಿನ್ನೆ ಹೊಸ ಆವೃತ್ತಿ ಹಾಕಿದ್ವಿ ಅಕ್ಕಾ. ಇವತ್ತ ಒಂದೂ ಚಾಲೂ ಆಗವಲ್ದು," ಎಂದ ವಾಚನಾಲಯ ನೋಡಿಕೊಳ್ಳುವ ಅನಿಲ.

ಈ ಯಂತ್ರಗಳನ್ನು ನಡೆಸುವುದು 'ಹೊಸ್ತಿಲು'. ದಾನೇಶ್ವರಿಯ ಗೆಳೆಯರು ಸೇರಿ ಕಟ್ಟಿದ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಂ. ಅಲ್ಲೊಂದು ಕಟ್ಟುನಿಟ್ಟು. ಯಂತ್ರ ಶುರುವಾಗುವ ಬಗೆಯನ್ನು ಬದಲಿಸಬೇಕಾದರೆ ಏಳು ದಿನ ಬಹಿರಂಗ ಚರ್ಚೆ. ಕೊನೆಗೆ ಹಳೆಯ ಯಂತ್ರಗಳಲ್ಲಿ ಪರೀಕ್ಷಿಸುವವರ ಒಪ್ಪಿಗೆ. ಪರೀಕ್ಷಿಸುವವಳು ಸುಂದ್ರವ್ವ. ಕಲಬುರಗಿಯವಳು, ಪರೇಲ್‌ನ ಆಸ್ಪತ್ರೆಯೊಂದರಲ್ಲಿ ಆಯಾ.

ಈ ಸಲ ಡಿಸ್ಕ್ ಏಳುವವರೆಗೆ ಕಾಯುವ ಹೊತ್ತನ್ನು ಮೂವತ್ತು ಸೆಕೆಂಡಿನಿಂದ ಐದಕ್ಕೆ ಇಳಿಸಲಾಗಿತ್ತು. ಮುದಿ ಡಿಸ್ಕು ಐದರಲ್ಲಿ ಎದ್ದೀತೆ? ಆದರೂ ಚರ್ಚೆಯ ಪುಟದಲ್ಲಿ ಸುಂದ್ರವ್ವನ ಹೆಸರಿನಲ್ಲಿ ಒಂದು ಸಾಲಿತ್ತು: "ಪರೀಕ್ಷೆ ಮಾಡೀನಿ. ಎಲ್ಲಾ ಬರೋಬ್ಬರಿ ಐತಿ. ಒಪ್ಪಿಗಿ ಐತಿ."

"ಅದನ್ನ ನಾ ಬರದಿಲ್ಲ ರೀ!" ಡ್ಯೂಟಿ ಬಿಟ್ಟು ಓಡಿಬಂದ ಸುಂದ್ರವ್ವ ಕೂಗಿದಳು. "ನಾಕಕ್ಕ ಹೊಸ್ತಿಲಿನ ಆನ್‌ಲೈನ್ ಮೀಟಿಂಗ್ ಅದ. ಪರೀಕ್ಷೆ ಮಾಡೋರ ಪಟ್ಟಿಯಿಂದ ಹೆಸರು ಕಿತ್ತು ಒಗೀತಾರ ನನ್ನ."

*

ಆ ಸಾಲು ಪುಟಕ್ಕೆ ಹೋದದ್ದು ಮೊನ್ನೆ ಮಧ್ಯಾಹ್ನ, ಇದೇ ವಾಚನಾಲಯದ ಯಂತ್ರದಿಂದ. ಅಂದು ಬೆಳಿಗ್ಗೆ ಸುಂದ್ರವ್ವ ಅದರಲ್ಲಿ ಲಾಗೌಟ್ ಮರೆತು ಡ್ಯೂಟಿಗೆ ಓಡಿದ್ದಳು. ಆಗ ಇಲ್ಲಿದ್ದವರು ಇಬ್ಬರೇ. ಜಮಖಂಡಿಯ ಅನಿಲ. ಮತ್ತೆ ಆ ಬದಲಾವಣೆ ಬರೆದ ಉಡುಪಿಯ ಪ್ರೀತಮ್. ಈಗಲೂ ಇಬ್ಬರೂ ಎದುರಿಗೇ ಇದ್ದರು.

"ಐತಿ, ಐತಿ! ಅನಿಲನ ಭಾಷೆಯೇ ಅಲ್ವಾ? ಇನ್ನೆಂತ ಸಾಕ್ಷಿ ಬೇಕು ಮಾರಾಯ್ರೆ?" ಎಂದ ಪ್ರೀತಮ್.

"ಬಾಯಿ ಮುಚ್ಚಲೇ, ನೀರ್‌ದೋಸೆ!" ಅನಿಲ ಸಿಡಿದ.

ದಾನೇಶ್ವರಿಗೂ ಅನಿಲನ ಮೇಲೆ ಅನುಮಾನ ಬಂದಿತ್ತು. ಆದರೆ ತನ್ನ ಫೋನಿನಲ್ಲಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಕೈ ತುರಿಸಿತು! ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟಳು.

"ಚಹಾ ಉಳಿದಿದ್ರ ಸುಂದ್ರವ್ವ ಹೆಂಗ ಹೇಳ್ತಾಳ? ಆಕಿ ಮಾತಿನಾಗ ಬರೀರಿ."

"ಇದೆಂತ ಪರೀಕ್ಷೆ!" ಪ್ರೀತಮ್ ನಕ್ಕು ಗೀಚಿದ.

ಅನಿಲನ ಚೀಟಿ: "ಚಾ ಅದ."

ಪ್ರೀತಮನದು: "ಚಾ ಐತಿ."

*

"ಐತಿ ಅನ್ನೋರು ನಾನು, ಅನಿಲ. ವಿಜಯಪುರ, ಜಮಖಂಡಿ ಕಡೆಯವರು," ಎಂದಳು ದಾನೇಶ್ವರಿ. "ಕಲಬುರಗಿಯ ಸುಂದ್ರವ್ವ ಅನ್ನೋದು 'ಅದ'. ಅನಿಲಗ ಅದು ಗೊತ್ತು. ಆಕಿ ಹೆಸರಿನಾಗ ಬರದಿದ್ರ ಅವ 'ಅದ' ಅಂತನ ಬರೀತಿದ್ದ. ನಿನಗ ಹುಬ್ಬಳ್ಳಿ ದಾಟಿದವ್ರೆಲ್ಲಾ ಒಂದೇ! ಶುಕ್ರವಾರ ಹೊಸ್ತಿಲು ನೋಡಾಕ ಬರೋ ಕಂಪನಿಯವ್ರಿಗೆ ತೋರಸೂದು ನೀನ ಅಲ್ಲೇನು?"

ಪ್ರೀತಮ್ ತನ್ನ ಚೀಟಿಯನ್ನು ಮುದುಡಿದ.

"ಅವ್ರ ಎದುರು ಬೇಗ ಸ್ಟಾರ್ಟ್ ಆಗ್ಬೇಕಿತ್ತು... ಸುಂದ್ರಕ್ಕ ಹೇಗೂ ಬೇಡ ಅಂತಿದ್ರು."

"ನನ್ನ ಹೆಸರು ಬೇಕಾಗಿತ್ತು ನಿನಗ," ಎಂದಳು ಸುಂದ್ರವ್ವ. "ನನ್ನ ಮಾತು ಬ್ಯಾಡಾಗಿತ್ತು."

ಅವನು ಲ್ಯಾಪ್‌ಟಾಪ್ ತೆರೆದು ಗಡಿಬಿಡಿಯಲ್ಲಿ ಬದಲಾವಣೆ ಅಳಿಸಹೊರಟ. ಆಕೆ ಅವನ ಮುಂಗೈ ಹಿಡಿದಳು.

"ಮತ್ತ ಕದ್ದು ಮಾಡ್ತೀಯೇನು? ಎಲ್ಲಾರ ಎದುರಿಗೆ, ನಿನ್ನ ಹೆಸರಿನಾಗ ಬರಿ."

ನಾಲ್ಕು ಗಂಟೆಗೆ ಅವನ ತಪ್ಪೊಪ್ಪಿಗೆ ಪುಟದ ಮೇಲಿತ್ತು. ಸಭೆ ಅವನಿಂದ ತಿದ್ದುವ ಅಧಿಕಾರ ಕಿತ್ತುಕೊಂಡಿತು. ಮುಂದಿನ ಪ್ರಶ್ನೆ: ಏಳು ದಿನ ಕಾಯದೆ ಮೂವತ್ತು ಸೆಕೆಂಡಿಗೆ ಇವತ್ತೇ ಮರಳಬೇಕೆ? ಪರೀಕ್ಷಿಸುವವರು ಹೇಳಲಿ ಎಂದಿತು ಸಭೆ.

ಸುಂದ್ರವ್ವ ಲ್ಯಾಪ್‌ಟಾಪಿನ ಮೈಕ್ ಆನ್ ಮಾಡಿದಳು. "ನನ್ನ ಒಪ್ಪಿಗಿ ಅದ."