ಹಳೆಯ ಬಂದೂಕು, ಬೆಚ್ಚಗಿನ ಕೆಟಲ್

ಬರ್ಚ್ ಮರದ ಎಲೆಯ ಗುರುತು ಕೆತ್ತಿದ್ದ ಮರದ ಸೌಟಿನಿಂದ ಗಂಜಿ ಕಲಕುತ್ತ ಸಿರ್ಕಾ ಕಾಫಿಗೆಂದು ಕೆಟಲ್ ಎತ್ತಿದಳು. ಅದು ಇವತ್ತೂ ಬೆಚ್ಚಗಿತ್ತು. ಅವಳಿಗಿಂತ ಮೊದಲು ಏಳುವವನು ಆ ಸೌಟು ಕೆತ್ತಿಕೊಟ್ಟ ಮಾವ ತೌನೊ ಒಬ್ಬನೇ. ಆದರೆ ಅವನ ಲೋಟ ಒಣಗಿಯೇ ಇತ್ತು.

ಅಷ್ಟರಲ್ಲಿ ಗಂಡ ವೆಸಾ ಬಾಗಿಲು ದೂಡಿಕೊಂಡು ಬಂದ. "ಇವತ್ತೂ ಗುರಿ ಮೈದಾನದಲ್ಲಿ ಯಾರೋ ಗುಂಡು ಹೊಡೆದ್ರು ಕಣೇ! ಮಂಜಿನೊಳಗಿಂದ ಒಂದೇ ಗುಂಡು. ಓಡಿ ಹೋಗೋಷ್ಟರಲ್ಲಿ ಗುಡಿಸಲಿಗೆ ಬೀಗ, ಕಿಂಡಿಯಲ್ಲಿ ನೋಡಿದ್ರೆ ಬಂದೂಕು ಅದರ ಜಾಗದಲ್ಲೇ!"

ಸೈನ್ಯ ಮಾರಿದ ಯುದ್ಧಕಾಲದ ಆ ಬಂದೂಕನ್ನು ಗುರಿ ಅಭ್ಯಾಸಕ್ಕೆಂದು ವೆಸಾ ಕೊಂಡು ತಂದಂದಿನಿಂದ ಹೀಗೇ. ಸತ್ತ ಸಿಪಾಯಿ ತನ್ನ ಬಂದೂಕು ಹುಡುಕಿಕೊಂಡು ಬಂದಿದ್ದಾನೆ ಎಂದು ಊರು ಪಿಸುಗುಡುತ್ತಿತ್ತು. ವೆಸಾನ ಅನುಮಾನ ಗೆಳೆಯ ಅಂಟೆರೊನ ಮೇಲೆ. ಅದೇ ಬಂದೂಕಿಗೆ ಆಸೆಪಟ್ಟಿದ್ದವನು ಅವನು. ಗುರಿ ಮೈದಾನದ ಗುಡಿಸಲಿನ ಇನ್ನೊಂದು ಬೀಗದ ಕೈ ಅವನಲ್ಲೇ ಇತ್ತು.

"ಇವತ್ತು ಪೊಲೀಸರಿಗೆ ಹೇಳೇ ಬಿಡ್ತೀನಿ. ಅವನ ಲೈಸೆನ್ಸ್ ಹೋಗ್ಲಿ."

"ಬೇಟೆಯಿಂದಲೇ ಅವನ ಹೊಟ್ಟೆಪಾಡು, ವೆಸಾ. ಮೊದಲು ಹೆಲ್ಮಿಯನ್ನ ಕೇಳು."

"ಅಮ್ಮಾ, ನಾನು ಅಜ್ಜನ್ನ ಒಂದು ಮಾತು ಕೇಳ್ಲಾ?" ಎಂದಳು ಪುಟ್ಟ ಇಲೋನಾ.

"ಯುದ್ಧದ ಮಾತು ಅಜ್ಜನ ಹತ್ರ ಎತ್ತಬಾರದು ಅಂದಿಲ್ವಾ? ಗಂಜಿ ಕುಡಿ ಮರಿ."

ಪತ್ತೇದಾರಿಕೆಯಿಂದ ನಿವೃತ್ತಳಾಗಿ ಕೆರೆಯಾಚೆ ವಾಸವಿದ್ದ ಹೆಲ್ಮಿ ಬಂದಳು. ಸಿರ್ಕಾ ಅವಳ ಜೊತೆ ಗುರಿ ಮೈದಾನಕ್ಕೆ ಹೋದಳು. ಮಂಜಿನಲ್ಲಿ ಆಳಿನ ಆಕಾರದ ಗುರಿಹಲಗೆ ನಿಜವಾದ ಮನುಷ್ಯನಂತೆ ಕಾದು ನಿಂತಿತ್ತು. ಅದಕ್ಕೆ ಒಂದೂ ತೂತಿಲ್ಲ. ಹೆಲ್ಮಿ ಹಿಂದಿನ ಮರಳು ದಿಬ್ಬವನ್ನು ನೋಡಿದಳು. ಹುಲ್ಲಿನಲ್ಲಿ ಬಿದ್ದಿದ್ದ ಖಾಲಿ ತೋಟಾ ಎತ್ತಿಕೊಂಡಳು. ಗುಡಿಸಲು ತೆರೆಸಿ ಬಂದೂಕಿನ ನಳಿಕೆಯೊಳಗೆ ಬಿಳಿ ಬಟ್ಟೆ ಎಳೆದಳು. ಬಟ್ಟೆ ಬಿಳಿಯಾಗಿಯೇ ಹೊರಬಂತು. ಬಂದೂಕಿನ ಬುಡದ ಮರವನ್ನು ಬೆರಳಿನಿಂದ ಸವರಿ, ಅದನ್ನು ಹೆಗಲಿಗೇರಿಸಿಕೊಂಡು, "ಎಲ್ಲರನ್ನೂ ನಿಮ್ಮ ಅಡುಗೆಮನೆಗೆ ಕರಿ," ಎಂದಳು.

ಅಂಟೆರೊ ಮುಖ ಗಂಟಿಕ್ಕಿಕೊಂಡು ಬಂದ. ತೌನೊ ಕಿಟಕಿಯ ಪಕ್ಕ ಕೂತಿದ್ದ.

"ಇದು ಯುದ್ಧಕಾಲದ ತೋಟಾ," ಹೆಲ್ಮಿ ಶುರುಮಾಡಿದಳು. "ಇದು ಸಿಡಿದರೆ ನಳಿಕೆಯಲ್ಲಿ ಉಪ್ಪು ಉಳಿಯುತ್ತೆ. ಎಣ್ಣೆ ಹಚ್ಚಿದ್ರೂ ತುಕ್ಕು ಹಿಡಿಯುತ್ತೆ. ಆ ಉಪ್ಪು ಕರಗೋದು ನೀರಿಗೆ ಮಾತ್ರ. ಅಂಟೆರೊ, ನೀನು ಬಂದೂಕಿಗೆ ನೀರು ಹುಯ್ತೀಯಾ?"

"ನೀರಾ? ನನ್ನ ಬಂದೂಕಿನ ಹತ್ರ ಹೆಂಡತಿ ಬೆವರಿದ್ರೂ ಬೈತೀನಿ!"

"ವೆಸಾ, ನೀನು?"

"ಎಣ್ಣೆ ಮಾತ್ರ."

"ಆದ್ರೂ ಈ ನಳಿಕೆ ಕನ್ನಡಿ ಹಾಗಿದೆ. ಯಾರೋ ಕುದಿಯೋ ನೀರು ಹುಯ್ದು ತೊಳೆದಿದ್ದಾರೆ. ಹಾಗೆ ತೊಳೆಯೋದು ಯುದ್ಧಕ್ಕೆ ಹೋಗಿ ಬಂದವರು. ದೆವ್ವ ನೀರು ಕಾಯಿಸಲ್ಲ."

ಸಿರ್ಕಾಳ ಕೈ ತಾನಾಗಿ ಕೆಟಲ್ ಮುಟ್ಟಿತು. ವೆಸಾನ ಬೀಗದ ಕೈ ಅದರ ಮೇಲಿನ ಮೊಳೆಗೇ ನೇತಾಡುತ್ತಿತ್ತು.

ಹೆಲ್ಮಿ ಸೌಟನ್ನು ಎತ್ತಿ ಬಂದೂಕಿನ ಬುಡದ ಪಕ್ಕ ಹಿಡಿದಳು. ಮಾಸಿದ ಮರದಲ್ಲಿ ಅದೇ ಬರ್ಚ್ ಎಲೆ! "ಇದು ನಿನ್ನದೇ ಬಂದೂಕಾಗಿತ್ತು, ಅಲ್ವಾ ತೌನೊ? ನಲವತ್ತು ವರ್ಷ ಆದ್ಮೇಲೆ ಮನೆಗೆ ಬಂತು."

ಮುದುಕ ಆ ಎಲೆಯ ಮೇಲೆ ಬೆರಳಾಡಿಸಿದ. ವೆಸಾ ತಲೆ ತಗ್ಗಿಸಿ, ಏಲಕ್ಕಿ ಬನ್ನಿನ ತಟ್ಟೆಯನ್ನು ಅಂಟೆರೊನ ಕಡೆ ಸರಿಸಿದ. "ತಪ್ಪಾಯ್ತು ಕಣೋ."

"ಬೆಣ್ಣೇನೂ ಇತ್ತ ತಳ್ಳು. ಬರೀ ಬನ್ನಿಗೆ ಕ್ಷಮಿಸಲ್ಲ," ಎಂದ ಅಂಟೆರೊ.

"ಇನ್ನೊಂದಿದೆ," ಹೆಲ್ಮಿ ಮೆಲ್ಲಗೆ ಹೇಳಿದಳು. "ದಿಬ್ಬದಲ್ಲಿ ಎಲ್ಲ ಗುಂಡುಗಳೂ ಒಂದೇ ಕುಳಿಯಲ್ಲಿ ಹೂತಿವೆ. ಹಲಗೆಯ ತಲೆಗಿಂತ ಒಂದು ಗೇಣು ಮೇಲೆ. ಗುರಿ ಬಾರದವನ ಗುಂಡು ಚೆದರುತ್ತೆ. ಇದು ಬೇಕಂತಲೇ ತಪ್ಪಿಸಿದ್ದು, ದಿನಾ ಬೆಳಿಗ್ಗೆ. ಯಾಕೆ ಅಂತ ನಾನು ಕೇಳಲ್ಲ."

ಕಿಟಕಿಯಾಚೆ ಮಂಜು ಗಾಜಿಗೆ ಮುಖವಿಟ್ಟು ನಿಂತಂತಿತ್ತು. ಇಲೋನಾ ಕುರ್ಚಿಯಿಂದಿಳಿದು ಅಜ್ಜನ ಮೊಣಕಾಲಿಗೆ ಕೈಯಿಟ್ಟಳು. ಸಿರ್ಕಾ ಈ ಸಲ ಅವಳನ್ನು ತಡೆಯಲಿಲ್ಲ.

"ಅಜ್ಜಾ, ನೀನು ದಿನಾ ಬದುಕಿಸ್ತಿರೋದು ಯಾರನ್ನ?"