ಎರಡನೇ ಸ್ಯಾಂಪಲ್

"ಇದು ಕಫ ಅಲ್ಲ... ಉಗುಳು!"

ಆರೋಗ್ಯ ಕೇಂದ್ರದ ಲ್ಯಾಬಿನ ಕಿಟಕಿಯಾಚೆ ಸಾಲಾಗಿ ನಿಂತಿದ್ದವರೆಲ್ಲ ಕಿಸಕ್ಕನೆ ನಕ್ಕರು. ಡಬ್ಬಿ ತಂದವನ ಕಿವಿ ಕೆಂಪಾಯಿತು.

ಬಿಳಿ ಅಂಗಿ, ಕೊರಳಲ್ಲಿ ಅಳತೆಯ ಟೇಪು, ಜೇಬಿನ ಅಂಚಿಗೆ ಸಿಕ್ಕಿಸಿದ ಸೂಜಿ. ಕಲ್ಲು ಕ್ವಾರಿಯ ಪಕ್ಕದ ಕೇರಿಯ ಟೈಲರ್ ಅವನು.

"ಎರಡಕ್ಕೂ ಏನು ವ್ಯತ್ಯಾಸ ಮೇಡಂ?"

"ಉಗುಳು ಬಾಯಿಂದ ಬರುತ್ತೆ, ಕಫ ಎದೆಯಿಂದ ಬರುತ್ತೆ. ಬೆಳಗ್ಗೆ ಎದ್ದ ತಕ್ಷಣ ಬಾಯಿ ಮುಕ್ಕಳಿಸಿ, ಚೆನ್ನಾಗಿ ಕೆಮ್ಮಿ ತೆಗೀಬೇಕು. ಇವತ್ತು ಒಂದು, ನಾಳೆ ಒಂದು. ಒಂದೇ ಸ್ಯಾಂಪಲ್ ನೋಡಿ ನಾವು ರಿಸಲ್ಟ್ ಕೊಡಲ್ಲ. ಗೋಡೆ ಮೇಲೆ ಬರೆದಿದೆಯಲ್ಲ, ಓದೋಕೆ ಬರಲ್ವಾ?"

"ಓದೋಕೆ ಬರುತ್ತೆ. ಆದ್ರೆ ನಿಮ್ಮ ಕೋಟಿನ ಎರಡನೇ ಗುಂಡಿ ಬೀಳೋ ಹಾಗಿದೆ. ಮೊದಲು ಅದೇ ಕಣ್ಣಿಗೆ ಬಿತ್ತು. ಕೊಟ್ರೆ ಎರಡು ನಿಮಿಷದಲ್ಲಿ ಹಾಕಿಕೊಡ್ತೀನಿ."

"ಈ ಕೋಟು ಈ ರೂಮಿಂದ ಆಚೆ ಹೋಗೋ ಹಾಗಿಲ್ಲ. ಇದರ ತುಂಬ ರೋಗ. ಮುಂದಿನವರು ಬನ್ನಿ!"

ಅಬ್ಬಾ, ಎಂಥ ಅಧಿಕಪ್ರಸಂಗಿ! ಎಂದುಕೊಂಡಳು ಅವಳು. ಅವನು ಹೋದ ಮೇಲೆ ಗುಂಡಿ ಮುಟ್ಟಿ ನೋಡಿದರೆ ನಿಜವಾಗಿಯೂ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

ಸುತ್ತಲಿನ ಹಳ್ಳಿಗಳಲ್ಲಿ ಅವಳಿಗೆ 'ಕಫದ ಮೇಡಂ' ಎಂದೇ ಹೆಸರು. ಕಫ ಪರೀಕ್ಷೆ ಮಾಡುವುದು, ಟಿಬಿ ಬಂದವರಿಗೆ ಗುಳಿಗೆ ಕೊಡುವುದು, ಅವರ ಮನೆಯವರಿಗೂ ರೋಗ ತಗುಲಿದೆಯೇ ಎಂದು ಮನೆಗೇ ಹೋಗಿ ನೋಡುವುದು... ಮೂವರ ಕೆಲಸ ಅವಳೊಬ್ಬಳ ತಲೆಯ ಮೇಲಿತ್ತು. ಸಂಬಂಧ ಕೇಳಿಕೊಂಡು ಬಂದವರು ಅವಳ ಕೆಲಸ ಏನೆಂದು ತಿಳಿದ ಕೂಡಲೇ ಕೊಟ್ಟ ಚಹಾ ಮುಟ್ಟದೆ ಎದ್ದು ಹೋಗುತ್ತಿದ್ದರು. ಹೀಗೆ ಐದು ಸಲ ಆಗಿತ್ತು. ಆರನೆಯ ಸಲ ಚಹಾ ಮಾಡುವುದಿಲ್ಲ ಎಂದು ಅವಳು ಅಮ್ಮನಿಗೆ ಕಡ್ಡಿ ಮುರಿದಂತೆ ಹೇಳಿದ್ದಳು. ವಯಸ್ಸು ಮೂವತ್ತರ ಹತ್ತಿರ ಬಂದಿತ್ತು.

ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಟೈಲರ್ ಬಂದು ನಿಂತಿದ್ದ. ಈ ಸಲ ಡಬ್ಬಿಯಲ್ಲಿ ಇದ್ದದ್ದು ಅಪ್ಪಟ ಕಫ.

ನಿನ್ನೆಯ ಉಗುಳಿನಲ್ಲಿ ಏನೂ ಸಿಕ್ಕಿರಲಿಲ್ಲ. ಇದರ ಸ್ಲೈಡಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ನೀಲಿ ಬಣ್ಣದ ನಡುವೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು. ಒಂದಲ್ಲ, ಎರಡಲ್ಲ, ಎಣಿಸಲಾಗದಷ್ಟು! ದಿನಕ್ಕೆ ಇಂಥವು ಎಷ್ಟೋ ನೋಡುತ್ತಾಳೆ. ಆದರೂ ಇವತ್ತು ಯಾಕೋ ಇನ್ನೊಂದು ಸ್ಲೈಡ್ ಮಾಡಿ ನೋಡಿದಳು. ಅದರಲ್ಲೂ ಅಷ್ಟೇ.

"ಟಿಬಿ ಇದೆ" ಎಂದಳು ನೇರವಾಗಿ.

ಈ ಮಾತು ಕೇಳಿದವರು ಅಳುತ್ತಾರೆ, ಇಲ್ಲವೇ ಜಗಳ ತೆಗೆಯುತ್ತಾರೆ. ಇವನು ಉಸಿರು ಬಿಟ್ಟ. ಏನೋ ಭಾರ ಇಳಿಸಿದ ಹಾಗೆ!

"ವಾಸಿ ಆಗುತ್ತಲ್ವಾ ಮೇಡಂ? ಖಂಡಿತ ಆಗುತ್ತಲ್ವಾ?"

"ಆರು ತಿಂಗಳು ಒಂದು ದಿನ ತಪ್ಪದೆ ಗುಳಿಗೆ ತಗೊಂಡ್ರೆ ಖಂಡಿತ ಆಗುತ್ತೆ. ತೂಕ ನೋಡೋಣ, ನಿಲ್ಲಿ. ಅರವತ್ತೊಂದು ಕೆಜಿ. ದಿನಕ್ಕೆ ನಾಲ್ಕು, ಖಾಲಿ ಹೊಟ್ಟೇಲಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಬೆವರೂ ಸ್ವಲ್ಪ ಹಾಗೇ ಆಗುತ್ತೆ, ಹೆದರಬೇಡಿ. ಪ್ರತಿ ಸೋಮವಾರ ಗುಳಿಗೆಯ ಖಾಲಿ ಪಟ್ಟಿ ತಂದು ತೋರಿಸಿ ಹೊಸದು ತಗೊಂಡು ಹೋಗಿ. ಮನೇಲಿ ಯಾರಿದ್ದಾರೆ?"

"ಅಮ್ಮ ಒಬ್ಬರೇ."

"ಅವರನ್ನೂ ಪರೀಕ್ಷೆ ಮಾಡಬೇಕು. ಈ ವಾರ ಬರ್ತೀನಿ."

"ಅಯ್ಯೋ, ಬೇಡಿ... ಅಮ್ಮ ಜಲ್ಲಿ ಒಡೆಯೋಕೆ ಹೋಗ್ತಾರೆ, ಸಿಗಲ್ಲ. ನಾನೇ ಹೇಳ್ತೀನಿ."

ಹಾಗೆ ಸೋಮವಾರಗಳು ಶುರುವಾದವು.

ಅವನು ಖಾಲಿ ಪಟ್ಟಿಯನ್ನು ಎಂದೂ ತಪ್ಪಿಸಲಿಲ್ಲ. ಜೊತೆಗೆ ಒಂದು ನಗೆಮಾತೂ ತರುತ್ತಿದ್ದ. ಒಮ್ಮೆ ಮೆತ್ತನೆಯ ಬಟ್ಟೆಯ ಚೂರುಗಳನ್ನು ಅಚ್ಚುಕಟ್ಟಾಗಿ ಅಂಚು ಹೊಲಿದು ತಂದ. "ನಿಮ್ಮ ಗಾಜು ಒರೆಸೋಕೆ" ಎಂದ. ಸೂಕ್ಷ್ಮದರ್ಶಕದ ಗಾಜು ಒರೆಸಲು ಬೇರೆ ಕಾಗದ ಇರುತ್ತದೆ. ಅವಳು ಅದನ್ನು ಹೇಳದೆ ಚೂರುಗಳನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಳು. ಭಾನುವಾರ ತಲೆಗೆ ಸ್ನಾನ ಮಾಡುವ ಅಭ್ಯಾಸ ಸೋಮವಾರ ಬೆಳಗ್ಗೆಗೆ ಬದಲಾಯಿತು. ಅವಳಮ್ಮ ಅದನ್ನು ನೋಡಿ ಸೋಮವಾರವೂ ನೀರು ಕಾಯಿಸಿಡತೊಡಗಿದರು.

"ಮೂತ್ರದ ಬಣ್ಣ ಬದಲಾಯ್ತಾ?" ಎಂದು ಮೂರನೆಯ ವಾರ ಅವಳು ಕೇಳಿದಳು.

"ಯಾವ ಬಣ್ಣ?... ಹಾಂ, ಹಾಂ! ಆಯ್ತು ಆಯ್ತು."

ಮನೆಗೆ ಬರುತ್ತೇನೆಂದರೆ ಪ್ರತಿ ಸಲ ಒಂದು ನೆಪ. ಅಮ್ಮ ತಂಗಿಯ ಮನೆಗೆ ಹೋಗಿದ್ದಾರೆ, ಅಮ್ಮನಿಗೆ ಎರಡು ಪಾಳಿ ಕೆಲಸ... ಬೇರೆ ಯಾರೇ ಆಗಿದ್ದರೂ ಅವಳು ಸ್ಕೂಟರ್ ಏರಿ ಹೋಗಿಬಿಡುತ್ತಿದ್ದಳು. ಇವನನ್ನು ನಂಬಿದಳು. ನಂಬುವುದೇ ಹಿತವಾಗಿತ್ತು.

ಆರನೆಯ ಸೋಮವಾರ ಅವನು ಕಿಟಕಿಯ ಸರಳು ಹಿಡಿದು ನಿಂತ. "ಕೋರ್ಸು ಮುಗೀಲಿ ಮೇಡಂ. ಆಮೇಲೆ ನಿಮ್ಮ ಹತ್ರ ಒಂದು ವಿಷಯ ಕೇಳಬೇಕು."

"ಈಗ್ಲೇ ಕೇಳಿ."

"ಈಗ ಕೇಳೋ ಯೋಗ್ಯತೆ ಇಲ್ಲ ನನಗೆ."

ರೋಗ ಇದೆಯೆಂದು ಹೀಗೆ ಹೇಳುತ್ತಿದ್ದಾನೆ, ಪಾಪ! ಎಂದುಕೊಂಡಳು. ಅಂದು ಇಡೀ ದಿನ ಅವಳ ಮುಖದಲ್ಲಿ ನಗು ಮಾಸಲಿಲ್ಲ.

ಏಳನೆಯ ವಾರ ಅವನು ಸೋಮವಾರ ಬರಲಿಲ್ಲ. ಗುರುವಾರ ಮಟಮಟ ಮಧ್ಯಾಹ್ನ ಓಡಿಬಂದ. ಬೆವರಿನಿಂದ ಅಂಗಿ ಮೈಗೆ ಅಂಟಿತ್ತು.

"ಮೇಡಂ, ಈ ಗುಳಿಗೆಯಿಂದ ಕಣ್ಣು ಹಳದಿ ಆಗುತ್ತಾ? ವಾಂತಿ ನಿಲ್ಲದೇ ಇರುತ್ತಾ?"

ಅವಳು ಕುರ್ಚಿ ಬಿಟ್ಟು ಎದ್ದಳು. ಲಿವರಿಗೆ ಪೆಟ್ಟಾದರೆ ಹಾಗಾಗುತ್ತದೆ, ತಡವಾದರೆ ಜೀವಕ್ಕೇ ಅಪಾಯ. ಅವನ ರೆಪ್ಪೆ ಎಳೆದು ನೋಡಿದಳು. ಕಣ್ಣು ಅಚ್ಚ ಬಿಳಿ. ಆಗ ಅವಳ ದೃಷ್ಟಿ ಅವನ ಕಾಲರಿನ ಮೇಲೆ ಹೋಯಿತು. ಅಷ್ಟು ಬೆವರಿದ್ದರೂ ಬಿಳಿ ಬಟ್ಟೆಗೆ ಬಣ್ಣದ ಸುಳಿವೇ ಇಲ್ಲ!

"ಈ ಡಬ್ಬಿ ತಗೊಳ್ಳಿ. ಶೌಚಾಲಯಕ್ಕೆ ಹೋಗಿ ಮೂತ್ರ ತನ್ನಿ."

ತಂದ. ನೀರಿನಷ್ಟೇ ತಿಳಿಯಾಗಿತ್ತು.

"ಒಂದು ಗುಳಿಗೆಯನ್ನೂ ನುಂಗಿಲ್ಲ ನೀವು! ಆರು ವಾರ ಖಾಲಿ ಪಟ್ಟಿ ತೋರಿಸಿ ನನ್ನ ಕಣ್ಣಿಗೆ ಮಣ್ಣೆರಚಿದ್ರಿ! ಎಲ್ಲಿ ಎಸೆದ್ರಿ? ಯಾರಿಗೆ ಮಾರಿದ್ರಿ?"

ನಾನೊಬ್ಬಳು ಹುಚ್ಚಿ. ಇವನಿಗಾಗಿ ತಲೆಸ್ನಾನ ಬೇರೆ! ಎಂದುಕೊಂಡಳು ಅವಳು.

"ಅಮ್ಮನಿಗೆ ಕೊಟ್ಟೆ" ಎಂದ ಅವನು. "ರೋಗ ನನಗಲ್ಲ, ಅಮ್ಮನಿಗೆ. ಅಪ್ಪ ಇದೇ ರೋಗಕ್ಕೆ ಆಸ್ಪತ್ರೆಯಲ್ಲೇ ಹೋದರು. ಆಮೇಲೆ ಕೇರಿಯವರು ನಮ್ಮ ಮನೆ ಬಾಗಿಲಿಗೂ ಬರ್ತಿರಲಿಲ್ಲ. 'ನನಗೆ ಬಂದ್ರೆ ಸಾಯ್ತೀನಿ, ಆಸ್ಪತ್ರೆ ಗುಳಿಗೆ ಮುಟ್ಟಲ್ಲ' ಅಂತ ಅಮ್ಮ ಆಣೆ ಇಟ್ಟಿದ್ದಾರೆ. ಅದಕ್ಕೆ ರೋಗ ನನಗೆ ಬಂದಿದೆ ಅಂದೆ. ಮನೆಯವರೂ ಗುಳಿಗೆ ತಗೊಂಡ್ರೆ ಮಾತ್ರ ನನಗೆ ವಾಸಿ ಆಗೋದು ಅಂದೆ. ಮಾತಾಡದೆ ನುಂಗಿದ್ರು..."

"ಆ ಕಫ?"

"ಅಮ್ಮಂದೇ."

"ನಾಲ್ಕೂ ಕೊಟ್ರಾ? ದಿನಾ?"

"ನೀವೇ ಹೇಳಿದ್ರಲ್ಲ, ನಾಲ್ಕು ಅಂತ."

ಡಾಕ್ಟರರ ಕೋಣೆಗೆ ಓಡಿದಳು. ಹತ್ತು ನಿಮಿಷದಲ್ಲಿ ಜೀಪು ಕೇರಿಯ ದಾರಿ ಹಿಡಿಯಿತು.

ಒಂದೇ ಕೋಣೆಯ ಮನೆ. ಬಾಗಿಲ ಪಕ್ಕ ಹೊಲಿಗೆ ಯಂತ್ರ, ಮೂಲೆಯಲ್ಲಿ ಚಾಪೆ. ಚಾಪೆಯ ಮೇಲೆ ಮುದುಡಿ ಮಲಗಿದ್ದ ತಾಯಿಯ ಕಣ್ಣು ಹಳದಿಯಾಗಿತ್ತು. ದಿಂಬಿನ ಬಿಳಿ ಚೀಲದ ಮೇಲೆ ಬೆವರಿನ ಕಿತ್ತಳೆ ಕಲೆ. ಎತ್ತಿ, ಜೀಪಿನಲ್ಲಿ ತಂದಿದ್ದ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮೂವತ್ನಾಲ್ಕು ಕೆಜಿ.

"ಇವರಿಗೆ ಎರಡೇ ಗುಳಿಗೆ ಸಾಕಿತ್ತು" ಎಂದರು ಡಾಕ್ಟರು.

ಅವಳು ಟೈಲರ್ ಕಡೆ ತಿರುಗಿದಳು. "ನಿಮ್ಮ ಅಳತೆಗೆ ಹೊಲಿದ ಅಂಗಿನ ಅಮ್ಮನಿಗೆ ತೊಡಿಸ್ತೀರಾ? ಗುಳಿಗೆಗೂ ಅಳತೆ ಇರುತ್ತೆ ಕಣ್ರೀ!"

ಅವನು ಗೋಡೆಗೆ ಒರಗಿ ಕುಸಿದು ಕೂತ. ಅವನನ್ನು ಸಮಾಧಾನಪಡಿಸುವವರು ಅಲ್ಲಿ ಯಾರೂ ಇರಲಿಲ್ಲ.

ತಾಯಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿ ಎಲ್ಲ ಗುಳಿಗೆ ನಿಲ್ಲಿಸಿದರು. ಮೂರು ವಾರ ಜೀವ ತೂಗುಯ್ಯಾಲೆ. ಅಷ್ಟರಲ್ಲಿ ಅವಳು ಡಾಕ್ಟರರ ಮುಂದೆ ನಿಂತು ಹೇಳಿದಳು: "ತಪ್ಪು ನನ್ನದೂ ಇದೆ ಸರ್. ಮೊದಲ ವಾರವೇ ಮನೆಗೆ ಹೋಗಬೇಕಿತ್ತು. ಹೋಗಿದ್ರೆ ಅವರ ಕೆಮ್ಮು ಕೇಳಿಸ್ತಿತ್ತು." ಯಾಕೆ ಹೋಗಲಿಲ್ಲ ಎಂದು ಅವರು ಕೇಳಿದರು. "ಮಗನ ಮಾತು ನಂಬಿದೆ" ಎಂದಳು. ಎಚ್ಚರಿಕೆಯ ಪತ್ರ ಬಂತು, ಸಹಿ ಹಾಕಿ ತೆಗೆದುಕೊಂಡಳು.

ಹಳದಿ ಇಳಿಯಿತು. ಡಾಕ್ಟರು ಒಂದೊಂದೇ ಔಷಧಿಯನ್ನು, ಈ ಸಲ ಸರಿಯಾದ ಅಳತೆಯಲ್ಲಿ, ಮತ್ತೆ ಶುರು ಮಾಡಿದರು. ತಾಯಿ ಮನೆಗೆ ಬಂದ ಮರುದಿನದಿಂದ ಅವಳೇ ದಿನಾ ಬೆಳಗ್ಗೆ ಸ್ಕೂಟರ್‌ನಲ್ಲಿ ಹೋಗಿ, ಗುಳಿಗೆ ಕೈಗಿಟ್ಟು, ನುಂಗುವವರೆಗೆ ಎದುರಿಗೇ ಕೂರತೊಡಗಿದಳು.

ಟೈಲರ್ ಜೊತೆ ಮಾತ್ರ ಮಾತಿಲ್ಲ. ಅವಳು ಒಳಗೆ ಬಂದರೆ ಯಂತ್ರದ ಸದ್ದು ನಿಲ್ಲುತ್ತಿತ್ತು. ಅವಳು ಹೊರಟ ಮೇಲೆ ಶುರುವಾಗುತ್ತಿತ್ತು. ಹೀಗೆ ತಿಂಗಳುಗಳು ಕಳೆದವು.

ಒಂದು ಬೆಳಗ್ಗೆ ಅವನು ನೀರು ತರಲು ಹೋಗಿದ್ದಾಗ ತಾಯಿ ಅವಳ ಕೈ ಹಿಡಿದರು.

"ಅವನ ಮೇಲೆ ಇನ್ನೂ ಕೋಪನಾ ತಾಯಿ?"

"ನಿಮ್ಮ ಜೀವಕ್ಕೇ ಸಂಚಕಾರ ತಂದಿದ್ರು ಅಮ್ಮ. ನಿಮಗೆ ಸುಳ್ಳು, ನನಗೂ ಸುಳ್ಳು."

"ನನಗೆ ಎಲ್ಲಿ ಸುಳ್ಳು ಹೇಳ್ದ? ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಲೋಕಕ್ಕೆ ಗೊತ್ತಾಗಲ್ವಾ? ಕೆಮ್ಮೋಳು ನಾನು, ರೋಗ ಅವನಿಗಂತೆ! ಎರಡನೇ ವಾರವೇ ತಿಳೀತು."

ಅವಳು ಬೆರಗಾದಳು. "ಮತ್ತೆ ಯಾಕೆ ಸುಮ್ಮನೆ ನುಂಗಿದ್ರಿ? ಆಣೆ?"

"ಆಣೆ ಹಾಕಿದ್ದು ನನ್ನ ಜೀವದ ಮೇಲೆ, ಮುರಿದ್ರೆ ಅವನಿಗೇನೂ ಆಗಲ್ಲ. ಇವನು ನನ್ನನ್ನ ಉಳಿಸೋಕೆ ಸುಳ್ಳುಗಾರ ಆದ, ನನಗೆ ಗುಳಿಗೆ ಜೊತೆ ಎರಡು ಗುಟುಕು ನೀರು ಕುಡಿಯೋಕೆ ಆಗಲ್ವಾ ಅನ್ನಿಸ್ತು." ತಾಯಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. "ಇನ್ನೊಂದು ಹೇಳ್ತೀನಿ. ಸೋಮವಾರ ಬಂದ್ರೆ ಸಾಕು, ಅಂಗಿಗೆ ಎರಡು ಸಲ ಇಸ್ತ್ರಿ! ತಲೆ ಮೂರು ಸಲ ಬಾಚೋನು. ನಾನು ಗುಳಿಗೆ ಬೇಡ ಅಂದ್ರೆ ಆಸ್ಪತ್ರೆಗೆ ಹೋಗೋಕೆ ಅವನಿಗೆ ಏನು ನೆಪ ಇರುತ್ತೆ ಹೇಳು?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದವು.

ಕೋರ್ಸು ಮುಗಿದ ದಿನ ತಾಯಿಯ ಕೊನೆಯ ಸ್ಯಾಂಪಲ್ ಬಂತು. ಸ್ಲೈಡನ್ನು ಇಂಚಿಂಚೂ ಸರಿಸಿ ನೋಡಿದಳು. ಒಂದೇ ಒಂದು ಕೆಂಪು ಕಡ್ಡಿ ಇಲ್ಲ. ಮತ್ತೊಮ್ಮೆ ಮೊದಲಿನಿಂದ ನೋಡಿದಳು. ಇಲ್ಲ.

ಕಿಟಕಿಯಾಚೆ ಟೈಲರ್ ನಿಂತಿದ್ದ. ಇಷ್ಟು ತಿಂಗಳಲ್ಲಿ ಬಡವಾಗಿದ್ದ.

"ವಾಸಿಯಾಗಿದೆ. ಪೂರ್ತಿ" ಎಂದಳು.

ಅವನು ಕಣ್ಣೊರೆಸಿಕೊಂಡ. ಆಮೇಲೆ ಜೇಬಿನಿಂದ ಒಂದು ಡಬ್ಬಿ ತೆಗೆದು ಕಿಟಕಿಯಲ್ಲಿಟ್ಟ. ಮೇಲೆ ಅವನ ಹೆಸರಿತ್ತು.

"ಇದು ನಿಜವಾಗ್ಲೂ ನಂದೇ. ಅಮ್ಮನ ಜೊತೆ ಒಂದೇ ಕೋಣೇಲಿ ಇದ್ದೋನು ನಾನು. ಆಗ ದೊಡ್ಡಾಸ್ಪತ್ರೇಲಿ ನೋಡಿ ಏನೂ ಇಲ್ಲ ಅಂದಿದ್ರು, ಆದ್ರೂ ಇನ್ನೊಂದು ಸಲ ಪರೀಕ್ಷೆ ಮಾಡಿಸ್ಕೊಳ್ಳದೆ ನಿಮ್ಮನ್ನ ಕೇಳಬಾರದು ಅನ್ನಿಸ್ತು."

ಅವಳು ಮುಚ್ಚಳ ತೆಗೆದಳು. "ಇದು ಕಫ ಅಲ್ಲ... ಉಗುಳು."

"ಎಷ್ಟು ಕೆಮ್ಮಿದ್ರೂ ಅಷ್ಟೇ ಬಂತು."

"ಕಫ ಇಲ್ಲ ಅಂದ್ರೆ ಎದೆ ಚೆನ್ನಾಗಿದೆ ಅಂತ ಅರ್ಥ. ಆದ್ರೂ ಎಕ್ಸ್‌ರೇಗೆ ಬರೆದುಕೊಡ್ತೀನಿ." ಕಣ್ಣೆತ್ತದೆ ಕೇಳಿದಳು: "ಏನು ಕೇಳಬೇಕಿತ್ತು?"

"ನಿಮ್ಮನ್ನ ಮದುವೆ ಆಗೋ ಆಸೆ. ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ. ಇನ್ಮೇಲೆ ಹೇಳಲ್ಲ."

ಐದು ಸಲ ತಣ್ಣಗಾದ ಚಹಾ ಅವಳ ಕಣ್ಣ ಮುಂದೆ ಬಂತು. "ನನ್ನ ಕೆಲಸ ಬಿಡಲ್ಲ ನಾನು."

"ಬಿಟ್ರೆ ನಮ್ಮ ಕೇರಿ ಗತಿ ಏನು?"

ಅವಳು ತುಟಿ ಕಚ್ಚಿ ನಗು ತಡೆದಳು. "ಒಂದೇ ಸ್ಯಾಂಪಲ್ ನೋಡಿ ನಾವು ರಿಸಲ್ಟ್ ಕೊಡಲ್ಲ. ನಾಳೆ ಬೆಳಗ್ಗೆ ಬಂದು ಇದೇ ಮಾತು ಇನ್ನೊಂದು ಸಲ ಹೇಳಿ."

ಮರುದಿನ ಬಾಗಿಲು ತೆರೆಯುವ ಮೊದಲೇ ಅವನು ಬಂದಿದ್ದ. ಒಂದಕ್ಷರ ಬಿಡದೆ ಅದೇ ಮಾತು ಹೇಳಿದ. "ರಿಸಲ್ಟ್?" ಎಂದು ಕೇಳುವಾಗ ಧ್ವನಿ ಮಾತ್ರ ಒಡೆಯಿತು.

ಅವಳು ಕಿಟಕಿಯಿಂದ ಒಂದು ಕಾಗದದ ಪೊಟ್ಟಣ ಚಾಚಿದಳು. ಒಳಗೆ ಮಡಿಸಿಟ್ಟ ಬಿಳಿ ಕೋಟು, ಅದರ ಮೇಲೆ ಬಿದ್ದುಹೋಗಿದ್ದ ಎರಡನೇ ಗುಂಡಿ.

"ಆಚೆ ಹೋಗೋ ಹಾಗಿಲ್ಲ ಅಂದಿದ್ರಿ..."

"ಸೋಪು ಹಾಕಿ ಕುದಿಸಿ ತೊಳೆದಿದ್ದೀನಿ. ಗುಂಡಿ ಹಾಕಿಡಿ."

"ಎರಡೇ ನಿಮಿಷ. ಇಲ್ಲೇ ಹಾಕಿಕೊಡ್ತೀನಿ!"

"ಬೇಡ" ಎಂದಳು ಅವಳು, ಮುಖ ಕೆಂಪೇರಿಸಿಕೊಂಡು. "ಸಂಜೆ ಮನೆಗೇ ಬರ್ತೀನಿ, ನಮ್ಮಮ್ಮನ್ನ ಕರ್ಕೊಂಡು. ಈ ಸಲ ನೆಪ ಹೇಳಬೇಡಿ."

"ಅಮ್ಮ ಮನೇಲೇ ಇರ್ತಾರೆ" ಎಂದ ಅವನು. "ಚಹಾಕ್ಕೆ ಇಡೋಕೆ ಹೇಳ್ತೀನಿ."